ಡೀಸೆಲ್‌ಗೂ ತೆರಿಗೆಗೂ ಒಂದೇ ಲಾಗ್ ಪುಸ್ತಕ

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಡೀಸೆಲ್ ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಿತು. 2025ರ ಏಪ್ರಿಲ್ 1ರಂದು ಆ ತೆರಿಗೆ ಶೇ 21.17ಕ್ಕೇರಿ ಮತ್ತೆ ಎರಡು ರೂಪಾಯಿ ಸೇರಿತು. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಇದರಲ್ಲಿ ಒಂದು ಪೈಸೆಯೂ ಕ್ರೆಡಿಟ್ ಆಗಿ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ವಾಪಸ್ ಬರುವುದಿಲ್ಲ. ತುಮಕೂರಿನಿಂದ ಗುಬ್ಬಿ, ಶಿರಾ, ಕೊರಟಗೆರೆಯ ಅಂಗಡಿಗಳಿಗೆ ಹಾರ್ಡ್‌ವೇರ್ ಸಾಮಾನು ಹೊರುವ ಪಿಕಪ್, ವಸೂಲಿಗೆ ಓಡುವ ಕಾರು, ಎರಡರ ಖರ್ಚನ್ನೂ ನಾನು ಹಿಡಿತದಲ್ಲಿಟ್ಟಿರುವುದು ಲಾಗ್ ಪುಸ್ತಕದಿಂದ.

ಕಾಲಂಗಳು ಆರೇ: ತಾರೀಖು, ಹೊರಟಾಗಿನ ಓಡೋಮೀಟರ್, ಬಂದಾಗಿನದು, ಊರು, ಕೆಲಸ, ಹಾಕಿಸಿದ ಲೀಟರ್. ಪ್ರತಿ ಸಲ ಒಂದೇ ಬಂಕಿನಲ್ಲಿ, ನಾಜಲ್ ತಾನಾಗಿ ಕಟ್ ಆಗುವವರೆಗೆ ಮಾತ್ರ ತುಂಬಿಸಬೇಕು. ಎರಡು ಫುಲ್ ಟ್ಯಾಂಕ್‌ಗಳ ನಡುವೆ ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಮೈಲೇಜ್. ಅದು ಹತ್ತರಲ್ಲಿ ಒಂದು ಪಾಲು ಇಳಿದರೆ ಮೊದಲು ಟೈರ್ ಗಾಳಿ ನೋಡಿ, ಅದೂ ಗಾಡಿ ತಣ್ಣಗಿರುವಾಗ. ಆಮೇಲೆ ಬ್ರೇಕ್: ಓಡಿ ಬಂದ ತಕ್ಷಣ ಚಕ್ರಗಳ ಹತ್ತಿರ ಕೈ ಹಿಡಿದಾಗ ಒಂದು ಮಾತ್ರ ಹೆಚ್ಚು ಕಾಯುತ್ತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ನಂತರ ಏರ್ ಫಿಲ್ಟರ್, ಕೊನೆಗೆ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್. ಬಂಕಿನ ಅಳತೆಯ ಮೇಲೆ ಅನುಮಾನವಿದ್ದರೆ ಅಲ್ಲಿರುವ 5 ಲೀಟರ್ ಮಾಪಕದಲ್ಲಿ ಹಿಡಿದು ತೋರಿಸಲು ಕೇಳಿ. ಕೇಳುವುದು ಗ್ರಾಹಕನ ಹಕ್ಕು, ಸಂಕೋಚ ಬೇಡ.

ಸಾಗಾಟದ ದರವೂ ಇದೇ ಪುಸ್ತಕದಿಂದ. ಹೋಗಿಬರಲು 80 ಕಿಲೋಮೀಟರ್, ಮೈಲೇಜ್ 16 ಎಂದರೆ 5 ಲೀಟರ್. ಲೀಟರಿಗೆ 91 ರೂಪಾಯಿ ಹಿಡಿದರೆ 455. ಬರುವಾಗ ಗಾಡಿ ಖಾಲಿ ಬಂದರೂ ಆ ಡೀಸೆಲ್ ಇದೇ ಸಾಮಾನಿನ ತಲೆಯ ಮೇಲೆ. ಹಾಗಾಗಿ ಊರಿಗೆ ವಾರದಲ್ಲೊಂದು ದಿನ ಗೊತ್ತುಮಾಡಿ, ಆ ದಿನದ ಆರ್ಡರುಗಳನ್ನೆಲ್ಲ ಒಂದೇ ಸುತ್ತಿಗೆ ಸೇರಿಸುತ್ತೇನೆ.

ಇನ್ನು ಆದಾಯ ತೆರಿಗೆ. ಹೊಸ ತೆರಿಗೆ ಪದ್ಧತಿಯಲ್ಲಿ ಯಾವ ಕಳೆತವೂ ಇಲ್ಲ ಎಂದು ಎಷ್ಟೋ ವ್ಯಾಪಾರಿಗಳು ನಂಬಿ ಸುಮ್ಮನೆ ಹೆಚ್ಚು ಕಟ್ಟುತ್ತಿದ್ದಾರೆ. ವ್ಯಾಪಾರದ ಖರ್ಚು ಲಾಭ ಲೆಕ್ಕ ಹಾಕುವಾಗಲೇ ಕಳೆಯುವಂಥದ್ದು. ಡೀಸೆಲ್, ರಿಪೇರಿ, ವಿಮೆ, ಸಾಲದ ಬಡ್ಡಿ, ಸವಕಳಿ (ವರ್ಷವರ್ಷ ಇಳಿಯುವ ಗಾಡಿಯ ಬೆಲೆ) ಎಲ್ಲವೂ ಎರಡೂ ಪದ್ಧತಿಯಲ್ಲಿ ಕಳೆಯುತ್ತವೆ. ಪೊಲೀಸರ ದಂಡ ಮಾತ್ರ ಇಲ್ಲ.

ಕಾರನ್ನು ಮನೆಗೂ ಬಳಸಿದರೆ ಪಾಲು ಮಾಡಬೇಕು. ವರ್ಷಕ್ಕೆ 18,000 ಕಿಲೋಮೀಟರಿನಲ್ಲಿ 14,400 ವ್ಯಾಪಾರದ್ದಾದರೆ ಖರ್ಚಿನ ಶೇ 80. ಸವಕಳಿ ಶೇ 15: 8 ಲಕ್ಷದ ಕಾರಿಗೆ ಮೊದಲ ವರ್ಷ 1,20,000, ಅದರ ಶೇ 80 ಎಂದರೆ 96,000. ಅಕ್ಟೋಬರ್ ಮೊದಲ ವಾರ ದಾಟಿ ಗಾಡಿ ಬಳಕೆಗೆ ಬಂದರೆ 180 ದಿನ ತುಂಬದೆ ಆ ವರ್ಷಕ್ಕೆ ಅರ್ಧ ದರವಷ್ಟೇ. ಪಿಕಪ್‌ಗೆ ಕಟ್ಟಿದ ಜಿಎಸ್‌ಟಿಗೆ ಕ್ರೆಡಿಟ್ ಸಿಗುತ್ತದೆ, ಸ್ವಂತ ವ್ಯಾಪಾರಕ್ಕೆ ಕೊಂಡ ಕಾರಿಗೆ ಸಿಗದು. ಕ್ರೆಡಿಟ್ ತೆಗೆದುಕೊಂಡರೆ ಆ ಜಿಎಸ್‌ಟಿ ಮೊತ್ತ ಬಿಟ್ಟು ಉಳಿದ ಬೆಲೆಗೆ ಸವಕಳಿ ಹಾಕಬೇಕು, ಎರಡನ್ನೂ ಪಡೆಯುವಂತಿಲ್ಲ.

ಹೆಚ್ಚು ಜನ ಎಡವುವುದು ನಗದಿನಲ್ಲಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಮೀರಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತ ಖರ್ಚಿನಿಂದ ಹೊರಗೆ. ಬಂಕಿನಲ್ಲಿ ತಿಂಗಳ ಸಾಲ ಬರೆಸಿ, ಕೊನೆಗೆ 18,000 ರೂಪಾಯಿ ನಗದು ಎಣಿಸಿ ಕೊಟ್ಟರೆ ಆ ತಿಂಗಳ ಡೀಸೆಲ್ ಪೂರ್ತಿ ಹೋಯಿತು. ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆ ಮಾಡಿ. ಬಾಡಿಗೆಗೆ ಸರಕು ಸಾಗಿಸುವವರಿಗೆ ಕೊಡುವ ಹಣಕ್ಕೆ ಮಿತಿ 35,000. ಬಂಕಿನ ಬಿಲ್ಲು ಥರ್ಮಲ್ ಕಾಗದ, ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಅಂದೇ ಫೋಟೊ ತೆಗೆದು, ಗಾಡಿ ನಂಬರ್ ಬರೆಸಿಡಿ. ಡ್ರೈವರ್ ಭತ್ಯೆಗೆ ಸಹಿ ಹಾಕಿಸಿದ ವೋಚರ್ ಬೇಕು.

ಇಷ್ಟೆಲ್ಲ ಮಾಡುವ ಮುನ್ನ ಒಂದು ತೀರ್ಮಾನವಿದೆ. ಅಂದಾಜು ಲಾಭದ ಪದ್ಧತಿಯಲ್ಲಿ (1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿ) ವಹಿವಾಟಿನ ಶೇ 6 ಅಥವಾ 8 ಲಾಭವೆಂದು ತೋರಿಸುವವರಿಗೆ ಡೀಸೆಲ್, ಸವಕಳಿ ಬೇರೆಯಾಗಿ ಕಳೆಯಲು ಬರುವುದಿಲ್ಲ. ಅವೆಲ್ಲ ಅದರೊಳಗೇ ಮುಗಿದವು. ನಿಜವಾದ ಲಾಭ ಅದಕ್ಕಿಂತ ಕಡಿಮೆ ಎಂದು ಪುಸ್ತಕ ಹೇಳಿದರೂ ಅವಸರದಲ್ಲಿ ಹೊರಬರಬೇಡಿ. ಹೊರಬಂದರೆ ಮುಂದಿನ ಐದು ವರ್ಷ ಒಳಗೆ ಹೋಗುವಂತಿಲ್ಲ, ಆದಾಯ ವಿನಾಯಿತಿ ಮಿತಿ ದಾಟಿದರೆ ಆಡಿಟ್ ಕೂಡ ಕಡ್ಡಾಯ. 2026ರ ಏಪ್ರಿಲ್‌ನಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾಗಿರುವುದರಿಂದ ಫೆಬ್ರವರಿಯಲ್ಲೇ ಪುಸ್ತಕ ಹಿಡಿದು ಆಡಿಟರ್ ಮುಂದೆ ಕೂರುವುದು ಒಳ್ಳೆಯದು.