ಹೋಂಸ್ಟೇ ಇಂಗ್ಲಿಷ್: ಮರ್ಯಾದೆಯನ್ನು ಎಲ್ಲಿ ಸೇರಿಸಬೇಕು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋಂಸ್ಟೇ ನಡೆಸುವವರಿಗೆ ಯಾರೂ ಉಪಚಾರ ಹೇಳಿಕೊಡಬೇಕಾಗಿಲ್ಲ. ಬಂದವರಿಗೆ ಬೆಲ್ಲ, ನೀರು ಕೊಟ್ಟ ಮೇಲೇ ಇಲ್ಲಿ ಮಾತು ಶುರು. ಆದರೆ 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಹೊರರಾಜ್ಯದವರಿಗೆ ಜೋಗ ಇನ್ನಷ್ಟು ಹತ್ತಿರವಾಗಿದೆ. ಕನ್ನಡ ಬಾರದವರ ಹತ್ತಿರ ಇಂಗ್ಲಿಷೇ ಗತಿ. ಆಗ ನಮ್ಮ ಉಪಚಾರದ ಮಾತು ಕೆಲವೊಮ್ಮೆ ಗದರಿಸಿದ ಹಾಗೆ ಕೇಳಿಸುತ್ತದೆ.

ನಮ್ಮದು ತಪ್ಪು ಅಂತಲ್ಲ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ. ಬಾ ಅನ್ನುವುದು ಬನ್ನಿ ಆದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ 'ಕಮ್' ಅಂದರೆ ಮಗುವಿಗೂ ಅದೇ, ಡಿ.ಸಿ. ಸಾಹೇಬರಿಗೂ ಅದೇ. ಮರ್ಯಾದೆಯನ್ನು ಹೊರಗಿನಿಂದ ತಂದು ಸೇರಿಸಬೇಕು. ಎಲ್ಲಿ, ಎಷ್ಟು ಅನ್ನುವುದಷ್ಟೇ ಕಲಿಯಬೇಕಾದ್ದು.

ಮೊದಲು, ಕಷ್ಟ ಯಾರಿಗೆ ಅಂತ ನೋಡಿ

ನೀವು ಹೇಳುವ ಕೆಲಸದಿಂದ ಎದುರಿನವರಿಗೆ ಲಾಭವೋ, ತೊಂದರೆಯೋ? ಲಾಭ ಅಂತಾದರೆ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರೂ ಅದು ಉಪಚಾರವೇ. 'ಕಮ್ ಇನ್', 'ಹ್ಯಾವ್ ಎ ಸೀಟ್', 'ಹ್ಯಾವ್ ಸಮ್ ಮೋರ್ ಕಡುಬು'. ಇದಕ್ಕೆಲ್ಲ 'ಪ್ಲೀಸ್' ಇಲ್ಲದಿದ್ದರೂ ನಡೆಯುತ್ತದೆ. ತೊಂದರೆ ಅವರಿಗೆ ಅಂತಾದರೆ ಮಾತ್ರ ಮಾತನ್ನು ಪ್ರಶ್ನೆಯಾಗಿ ತಿರುಗಿಸಬೇಕು. ಮಳೆಯಲ್ಲಿ ಕೆಸರು ತುಳಿದುಕೊಂಡು ಬಂದವರಿಗೆ 'ರಿಮೂವ್ ಯುವರ್ ಶೂಸ್' ಅಂದರೆ ಪೊಲೀಸರ ಮಾತಾಯಿತು. 'ಕುಡ್ ಯು ಲೀವ್ ಯುವರ್ ಶೂಸ್ ಔಟ್‌ಸೈಡ್, ಪ್ಲೀಸ್?' ಅನ್ನಿ. 'ಗಿವ್ ಆಧಾರ್' ಬೇಡ, 'ಕುಡ್ ಐ ಸೀ ಯುವರ್ ಐ.ಡಿ., ಪ್ಲೀಸ್?' ಸಾಕು.

ಲಾಭ-ನಷ್ಟದ ಈ ಲೆಕ್ಕವನ್ನು 1983ರಷ್ಟು ಹಿಂದೆಯೇ ಬರೆದಿಟ್ಟವರು ಬ್ರಿಟನ್ನಿನ ಭಾಷಾವಿಜ್ಞಾನಿ ಜೆಫ್ರಿ ಲೀಚ್. ಇನ್ನೊಂದು ಸ್ಯಾಂಡ್‌ವಿಚ್ ತಿನ್ನಿ ಅನ್ನುವುದಕ್ಕೂ ಆಲೂಗಡ್ಡೆ ಸಿಪ್ಪೆ ತೆಗೆಯಿರಿ ಅನ್ನುವುದಕ್ಕೂ ಎಷ್ಟು ದೂರ ಇದೆ ಎಂದು ತೋರಿಸಿದರು. ಇಂಬಳಕ್ಕೂ, ಅಂದರೆ ಜಿಗಣೆಗೂ, ಇಂಗ್ಲಿಷಿನಲ್ಲಿ ಲೀಚ್ ಅಂತಲೇ ಹೆಸರು. ಆಗುಂಬೆಯವರಿಗೆ ಇವರ ಹೆಸರು ಮರೆಯುವುದು ಕಷ್ಟ.

'ವುಡ್ ಯು ಮೈಂಡ್' ಬಂದಾಗ ಹುಷಾರು

ದಿನದ ಕೆಲಸಕ್ಕೆ 'ಕುಡ್ ಯು' ಧಾರಾಳ ಸಾಕು. ಆದರೆ ಅತಿಥಿಗಳ ಬಾಯಲ್ಲಿ 'ವುಡ್ ಯು ಮೈಂಡ್' ಬಂದೇ ಬರುತ್ತದೆ. ಎಡವುವುದು ಇಲ್ಲೇ ಜಾಸ್ತಿ. 'ವುಡ್ ಯು ಮೈಂಡ್ ಮೂವಿಂಗ್ ಯುವರ್ ಜೀಪ್?' ಅಂತ ಕೇಳುತ್ತಾರೆ. ನಾವು ಉತ್ಸಾಹದಿಂದ 'ಯೆಸ್, ಯೆಸ್' ಅನ್ನುತ್ತೇವೆ. ಅಕ್ಷರಶಃ ನೋಡಿದರೆ, ಹೌದು, ನನಗೆ ಅಡ್ಡಿ ಇದೆ ಅಂದ ಹಾಗಾಯಿತು! ಅವರು ಕೇಳಿದ್ದು 'ಅಡ್ಡಿ ಇದೆಯಾ?' ಅಂತ. ಅದಕ್ಕೆ ಮಲೆನಾಡಿನವರ ಹತ್ತಿರ ಉತ್ತರ ಸಿದ್ಧವಾಗಿಯೇ ಇದೆ, ಅಲ್ವಾ? 'ಅಡ್ಡಿಲ್ಲ'. ಅದರ ಇಂಗ್ಲಿಷೇ 'ನಾಟ್ ಎಟ್ ಆಲ್'. ಹಾಗನ್ನಿ, ಆಮೇಲೆ ಜೀಪ್ ತೆಗೆಯಿರಿ. ನೀವೇ ಕೇಳುವುದಾದರೆ ಮುಂದಿನ ಕ್ರಿಯಾಪದಕ್ಕೆ 'ಇಂಗ್' ಸೇರಿಸುವುದು ಮರೆಯಬೇಡಿ: 'ವುಡ್ ಯು ಮೈಂಡ್ ವೇಟಿಂಗ್ ಫೈವ್ ಮಿನಿಟ್ಸ್?'

ಕೆಟ್ಟ ಸುದ್ದಿ ಹೇಳುವಾಗ

ಮಳೆಗಾಲದಲ್ಲಿ ಇದು ದಿನಾ ಬೇಕಾಗುತ್ತದೆ. ಕರೆಂಟ್ ಹೋಗಿದೆ, ನೆಟ್‌ವರ್ಕ್ ಇಲ್ಲ, ಮರ ಬಿದ್ದು ರಸ್ತೆ ಬಂದ್. 'ನೋ ಕರೆಂಟ್' ಅಂತ ಒಂದೇ ಏಟಿಗೆ ಹೇಳುವ ಬದಲು ಮುಂದೆ 'ಐ ಆಮ್ ಅಫ್ರೇಡ್' ಸೇರಿಸಿ. 'ಐ ಆಮ್ ಅಫ್ರೇಡ್ ದ ಪವರ್ ಈಸ್ ಔಟ್.' ಇಲ್ಲಿ ಭಯದ ಮಾತೇ ಇಲ್ಲ, ಹೇಳಲು ಬೇಜಾರು ಅನ್ನುವ ಅರ್ಥ ಅಷ್ಟೆ. ಬೆನ್ನಿಗೇ ಒಂದು ದಾರಿಯನ್ನೂ ಹೇಳಿ: 'ಐ ವಿಲ್ ಬ್ರಿಂಗ್ ಯು ಎ ಲ್ಯಾಂಪ್.'

ಇನ್ನು ಸಣ್ಣಪುಟ್ಟದ್ದು. ತೊಂದರೆ ಕೊಡುವ ಮೊದಲು 'ಎಕ್ಸ್‌ಕ್ಯೂಸ್ ಮಿ', ಕೊಟ್ಟ ಮೇಲೆ 'ಸಾರಿ'. ಥ್ಯಾಂಕ್ಸ್ ಅಂದವರಿಗೆ 'ನೋ ಮೆನ್ಷನ್' ಬೇಡ, 'ಯು ಆರ್ ವೆಲ್‌ಕಮ್' ಅನ್ನಿ. 'ಕೈಂಡ್ಲಿ' ಬೋರ್ಡಿನ ಮೇಲೆ ಚೆನ್ನ, ಬಾಯಲ್ಲಿ ಬಂದರೆ ಕಚೇರಿಯ ನೋಟಿಸ್ ಓದಿದ ಹಾಗಿರುತ್ತದೆ.

ಬಡಿಸುವಾಗ ಎಲ್ಲಿ ನಿಲ್ಲಿಸಬೇಕು?

ನಮ್ಮಲ್ಲಿ ಒಂದು ಸಲ 'ಸಾಕು' ಅಂದರೆ ಸಾಕು ಅಂತಲ್ಲ. ಎರಡು ಸಲ ಒತ್ತಾಯ ಮಾಡಿ, ಕೈ ಅಡ್ಡ ಹಿಡಿದ ಮೇಲೂ ಬೆರಳ ಸಂದಿಯಿಂದ ತುಪ್ಪ ಬಿದ್ದರೇ ಊಟ. ಆದರೆ ಇಂಗ್ಲಿಷಿನಲ್ಲಿ 'ನೋ, ಥ್ಯಾಂಕ್ ಯು' ಅಂದವರು ಬಹುಪಾಲು ನಿಜವಾಗಿಯೇ ಬೇಡ ಅಂದಿರುತ್ತಾರೆ. 'ಐ ಆಮ್ ಫೈನ್' ಅಂದರೂ ಅದೇ. ಒಮ್ಮೆ 'ಆರ್ ಯು ಶೂರ್?' ಅಂತ ಕೇಳಿ, ಪಾತ್ರೆ ಒಳಗೆ ಒಯ್ಯಿರಿ. ಮತ್ತೆ ಮತ್ತೆ ಒತ್ತಾಯ ಮಾಡುವವರಿಗೆ ಅವರಲ್ಲಿ 'ಪುಷಿ' ಅನ್ನುತ್ತಾರೆ. ಅದು ಹೊಗಳಿಕೆ ಅಲ್ಲ. ನನಗೆ ಕೇಳಿದರೆ ಒಂದು ತೊಡದೇವು ಜಾಸ್ತಿ ಹಾಕುವುದೇ ಸರಿ, ಆದರೆ ಊಟ ಮಾಡುತ್ತಿರುವವರು ನಾವಲ್ಲವಲ್ಲ.

ಸಂಬಳ ಎಷ್ಟು, ಮದುವೆ ಆಯ್ತಾ, ಮಕ್ಕಳೆಷ್ಟು ಅಂತ ನಾವು ಪ್ರೀತಿಯಿಂದಲೇ ಕೇಳುತ್ತೇವೆ. ಅದಕ್ಕೂ ಅವರಲ್ಲಿ ಒಂದು ಪದ ಇದೆ: 'ನೋಸಿ'. ಬೇರೆಯವರ ವಿಷಯಕ್ಕೆ ಮೂಗು ತೂರಿಸುವವರು ಅಂತ. 'ಹೌ ವಾಸ್ ಯುವರ್ ಜರ್ನಿ?' ಅಂತ ಶುರು ಮಾಡಿದರೆ ಯಾರಿಗೂ ಇರಿಸುಮುರಿಸಿಲ್ಲ.

ಕೊನೆಗೆ, ರಿವ್ಯೂ ಓದುವುದು

ಅತಿಥಿ ಹೋದ ಮೇಲೆ ನಿಮ್ಮ ಬಗ್ಗೆ ಬರೆಯುತ್ತಾರೆ. ಅಲ್ಲಿ ಬರುವ ಪದಗಳ ತೂಕ ಗೊತ್ತಿರಬೇಕು. 'ಪೊಲೈಟ್' ಅಂದರೆ ಮಾತು ಚೆನ್ನಾಗಿತ್ತು. 'ಕರ್ಟಿಯಸ್' ಅಂದರೆ ಮಾತು, ನಡತೆ ಎರಡರಲ್ಲೂ ಗೌರವವಿತ್ತು. 'ಕನ್ಸಿಡರೇಟ್' ಅಂದರೆ ನಮ್ಮ ಅನುಕೂಲ ನೋಡಿಕೊಂಡರು. 'ಥಾಟ್‌ಫುಲ್' ಇನ್ನೂ ದೊಡ್ಡ ಮಾತು. ಕೇಳುವ ಮೊದಲೇ ಯೋಚಿಸಿ ಮಾಡಿದರು ಅಂತ. ಕಾಡಿಗೆ ಹೊರಟವರ ಕೈಗೆ ಇಂಬಳಕ್ಕೆಂದು ಉಪ್ಪಿನ ಪೊಟ್ಟಣ ಕೊಟ್ಟಿರಿ ಅನ್ನಿ, ಅದು 'ಥಾಟ್‌ಫುಲ್'.

'ಬ್ಲಂಟ್' ಅಂತ ಬರೆದರೆ ಗಾಬರಿ ಬೇಡ. ಮುಲಾಜಿಲ್ಲದೆ ಮಾತಾಡಿದರು ಅಂತ, ಕೆಲವರಿಗೆ ಅದೇ ಇಷ್ಟ. 'ರೂಡ್' ಅಂದರೆ ಮಾತ್ರ ನಿಜಕ್ಕೂ ಮನಸ್ಸಿಗೆ ನೋವಾಗಿದೆ. ಪಕ್ಕದ ಕೋಣೆಯವರು ನಡುರಾತ್ರಿ ಜೋರಾಗಿ ಹಾಡು ಹಾಕಿದರೆ ಅವರು 'ಇನ್‌ಕನ್ಸಿಡರೇಟ್'. ಅವರನ್ನು ಸುಮ್ಮನಿರಿಸದ ನಿಮ್ಮ ಮೇಲೂ ಒಂದು ಸಾಲು ಬರುತ್ತದೆ.

ಉತ್ತರ ಬರೆಯುವಾಗ ವಾದಕ್ಕೆ ಇಳಿಯಬೇಡಿ. ಹೊಗಳಿದವರಿಗೆ 'ಥ್ಯಾಂಕ್ ಯು ಫಾರ್ ಯುವರ್ ಕೈಂಡ್ ವರ್ಡ್ಸ್'. ಬೈದವರಿಗೆ 'ವಿ ಆರ್ ಸಾರಿ ಅಬೌಟ್' ಅಂತ ಶುರು ಮಾಡಿ, ತೊಂದರೆ ಏನಾಗಿತ್ತೋ ಅದರ ಹೆಸರನ್ನೇ ಬರೆಯಿರಿ: 'ದ ನಾಯ್ಸ್', 'ದ ಕೋಲ್ಡ್ ವಾಟರ್'. ಸುಮ್ನೆ 'ಇನ್‌ಕನ್ವೀನಿಯೆನ್ಸ್' ಅಂತ ಹಾಕಿದರೆ ಓದಿಯೇ ಇಲ್ಲ ಅಂದುಕೊಳ್ಳುತ್ತಾರೆ. ಆಮೇಲೆ ಏನು ಸರಿ ಮಾಡಿದಿರಿ ಅನ್ನುವುದಕ್ಕೆ ಒಂದು ಸಾಲು. ಅಷ್ಟೇ ಸಾಕು.