ಬಿಲಿರುಬಿನ್ ಸ್ಯಾಂಪಲ್‌ಗೆ ಬೆಳಕು ಬೀಳಬಾರದು
ಮನೆಗೆ ಬಂದು ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ವಸ್ತು) ಪರೀಕ್ಷೆಗೆ ರಕ್ತ ತೆಗೆದರೆ, ಆ ಟ್ಯೂಬಿಗೆ ಅಲ್ಲೇ ಒಂದು ತುಂಡು ಅಡುಗೆಮನೆ ಫಾಯಿಲ್ ಸುತ್ತಿಸಿ. ಲೇಬಲ್ ಮುಚ್ಚಿಹೋದರೆ ಹೆಸರನ್ನು ಹೊರಗೂ ಬರೆಸಿ, ಇಲ್ಲದಿದ್ದರೆ ಅದೊಂದು ಬೇರೆ ಗೋಳು. ಬಿಲಿರುಬಿನ್‌ಗೆ ಬೆಳಕು ಆಗುವುದಿಲ್ಲ. ಬಿಸಿಲಿನಲ್ಲೋ ಟ್ಯೂಬ್‌ಲೈಟ್ ಕೆಳಗೋ ಹೊತ್ತು ಕಳೆದಷ್ಟೂ ಅದು ರೂಪ ಬದಲಿಸುತ್ತದೆ, ರಿಪೋರ್ಟಿನಲ್ಲಿ ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ಕಾಮಾಲೆ ಬಂದ ಎಳೆಗೂಸನ್ನು ನೀಲಿ ದೀಪದಡಿ ಮಲಗಿಸುತ್ತಾರಲ್ವಾ, ಅಲ್ಲಿ ನಡೆಯುವುದೂ ಇದೇ. ಮಗುವಿಗೆ ಒಳ್ಳೆಯದು, ಟ್ಯೂಬಿಗೆ ಅಲ್ಲ. ಲ್ಯಾಬಿನಲ್ಲೇ ರಕ್ತ ಕೊಟ್ಟು ಅವರು ಬೇಗ ಪರೀಕ್ಷೆ ಮಾಡುವುದಾದರೆ ಇಷ್ಟೆಲ್ಲ ಬೇಕಾಗಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಒಯ್ದರೂ ಸಾಕು. ಆದರೆ ರಕ್ತ ತೆಗೆಯುವಾಗಲೇ ಕೆಂಪು ಕಣಗಳು ಒಡೆದಿದ್ದರೆ ಫಾಯಿಲ್ ಏನೂ ಮಾಡಲಾರದು. ರಿಪೋರ್ಟಿನಲ್ಲಿ ‘ಹಿಮೋಲೈಸ್ಡ್’ (ಕಣಗಳು ಒಡೆದಿವೆ) ಎಂದಿದ್ದರೆ ಸುಮ್ನೆ ಆ ಅಂಕಿ ಹಿಡಿದು ಚಿಂತೆ ಮಾಡಬೇಡಿ, ಹೊಸದಾಗಿ ರಕ್ತ ಕೊಡಿ. ಗಿಲ್ಬರ್ಟ್ ಸಿಂಡ್ರೋಮ್ (ಹುಟ್ಟಿನಿಂದಲೇ ಬಂದ, ಬಿಲಿರುಬಿನ್ ಆಗಾಗ ಸ್ವಲ್ಪ ಏರುವ ಸ್ಥಿತಿ) ಇರುವವರಿಗೆ ಇನ್ನೊಂದು ಮಾತು: ತುಂಬಾ ಹೊತ್ತು ಹಸಿದಿದ್ದರೆ ಬಿಲಿರುಬಿನ್ ನಿಜವಾಗಿಯೇ ಏರುತ್ತದೆ. ಎಷ್ಟು ಹೊತ್ತು ಊಟ ಬಿಟ್ಟಿದ್ದಿರಿ ಎಂದು ಡಾಕ್ಟರಿಗೆ ಹೇಳಿ.