ಹೂಡಿಕೆದಾರರಿಗೆ ತಿಂಗಳ ಪತ್ರ: ಬರೆಯುವುದು ಹೇಗೆ?

ಹಣ ಕೈಗೆ ಬರುವವರೆಗೆ ದಿನಕ್ಕೆರಡು ಮೆಸೇಜ್. ಬಂದ ಮೇಲೆ ಆರು ತಿಂಗಳು ಸುದ್ದಿಯೇ ಇಲ್ಲ. ಸ್ಟಾರ್ಟಪ್ ಕಟ್ಟುವವರ ಮೇಲೆ ಹೂಡಿಕೆದಾರರ ಹಳೇ ದೂರು ಇದು. ಸ್ಥಾಪಕರನ್ನು ಕೇಳಿದರೆ ‘ಹೇಳುವಂಥದ್ದು ಏನೂ ಇರಲಿಲ್ಲ’ ಎನ್ನುತ್ತಾರೆ. ದುಡ್ಡು ಹಾಕಿದವರಿಗೆ ಮಾತ್ರ ಎಲ್ಲೋ ಎಡವಟ್ಟಾಗಿದೆ ಎಂದೇ ಅನ್ನಿಸುತ್ತದೆ. ತಿಂಗಳಿಗೊಂದು ಪುಟ್ಟ ಇಮೇಲ್ ಬರೆದರೆ ಈ ತೊಂದರೆಯೇ ಇರುವುದಿಲ್ಲ.

ಮೊದಲು ತಾರೀಖು ಗೊತ್ತುಮಾಡಿ

ಹೊಸ ಕಂಪನಿಯಾದರೆ ತಿಂಗಳಿಗೊಮ್ಮೆ ಬರೆಯಿರಿ. ಬೆಳೆದು, ಬೋರ್ಡ್ ಸಭೆಗಳು ಸರಿಯಾಗಿ ನಡೆಯತೊಡಗಿದ ಮೇಲೆ ಮೂರು ತಿಂಗಳಿಗೊಮ್ಮೆಯಾದರೂ ನಡೆಯುತ್ತದೆ. ಹಿಂದಿನ ತಿಂಗಳ ಲೆಕ್ಕ ಮುಗಿಯಲು ಕೆಲವು ದಿನ ಬೇಕಲ್ವಾ, ಹಾಗಾಗಿ 7 ಅಥವಾ 10ನೇ ತಾರೀಖು ಇಟ್ಟುಕೊಳ್ಳಿ. ಲೆಕ್ಕ ಪೂರ್ತಿ ಆಗಿಲ್ಲದಿದ್ದರೆ ‘ಅಂದಾಜು’ ಎಂದು ಬರೆದು ಕಳಿಸಿ. ತಾರೀಖು ಮಾತ್ರ ತಪ್ಪಿಸಬೇಡಿ.

ಮೇಲಿನ ಮೂರು ಸಾಲು

ವಿಷಯದ ಸಾಲಿನಲ್ಲಿ ಕಂಪನಿ ಹೆಸರು, ತಿಂಗಳು, ವರ್ಷ ಇದ್ದರೆ ಸಾಕು. ಮುಂದೆ ಹುಡುಕಲು ಸುಲಭ. ಕಂಪನಿ ಏನು ಮಾಡುತ್ತದೆ ಎಂದು ಒಂದು ಸಾಲು ಹಾಕಿ. ಹತ್ತಾರು ಕಂಪನಿಗಳಿಗೆ ದುಡ್ಡು ಹಾಕಿದವರಿಗೆ ನಿಮ್ಮದು ನೆನಪಿರಲೇಬೇಕು ಎಂದೇನಿಲ್ಲ. ಆಮೇಲೆ ತಿಂಗಳ ದೊಡ್ಡ ಸಂಗತಿ, ಅದು ಒಳ್ಳೆಯದೋ ಕೆಟ್ಟದ್ದೋ. ಕೊನೆಗೆ ನಿಮಗೆ ಬೇಕಾದ ಸಹಾಯ. ಫೋನಿನಲ್ಲಿ ಇಷ್ಟನ್ನೇ ಓದಿ ಮುಚ್ಚಿದವರಿಗೂ ವಿಷಯ ತಲುಪಿರಬೇಕು.

ಅಂಕಿಗಳಲ್ಲಿ ಆಟ ಬೇಡ

ಪತ್ರದ ಜೀವ ಇರುವುದು ಇಲ್ಲಿ. ಮೂರೇ ಅಂಕಿ ಕಡ್ಡಾಯ: ತಿಂಗಳ ಆದಾಯ, ಬ್ಯಾಂಕಿನಲ್ಲಿರುವ ಹಣ, ರನ್‌ವೇ. ರನ್‌ವೇ ಎಂದರೆ ಈಗಿರುವ ಹಣ ಎಷ್ಟು ತಿಂಗಳು ಬರುತ್ತದೆ ಎಂಬ ಲೆಕ್ಕ. ಬ್ಯಾಂಕಿನಲ್ಲಿ 60 ಲಕ್ಷ ಇದೆ, ತಿಂಗಳ ಖರ್ಚು 8 ಲಕ್ಷ, ಬರುವುದು 3 ಲಕ್ಷ ಎಂದುಕೊಳ್ಳಿ. ಕೈಯಿಂದ ಹೋಗುವುದು 5 ಲಕ್ಷ. ಇದನ್ನು ನೆಟ್ ಬರ್ನ್ ಎನ್ನುತ್ತಾರೆ. 60ನ್ನು 5ರಿಂದ ಭಾಗಿಸಿದರೆ ರನ್‌ವೇ 12 ತಿಂಗಳು. ಇದರ ಜೊತೆ ನಿಮ್ಮ ವ್ಯವಹಾರಕ್ಕೆ ಮುಖ್ಯವಾದ ಒಂದೆರಡು ಅಂಕಿ ಸೇರಿಸಿ. ಚಂದಾ ಮಾದರಿಯಾದರೆ ಬಿಟ್ಟುಹೋದ ಗ್ರಾಹಕರು ಎಷ್ಟು ಎನ್ನುವುದನ್ನು ಬಿಡಬೇಡಿ.

ಒಂದು ತಿಂಗಳು ಆದಾಯ, ಇನ್ನೊಂದು ತಿಂಗಳು ಡೌನ್‌ಲೋಡ್, ಮತ್ತೊಂದು ತಿಂಗಳು ವೆಬ್‌ಸೈಟಿಗೆ ಬಂದವರು: ಹೀಗೆ ಚೆನ್ನಾಗಿ ಕಂಡದ್ದನ್ನಷ್ಟೇ ಆರಿಸಿ ತೋರಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಪ್ರತಿ ತಿಂಗಳೂ ಅದೇ ಅಂಕಿ, ಅದೇ ಅರ್ಥದಲ್ಲಿ, ಹಿಂದಿನ ಕೆಲವು ತಿಂಗಳುಗಳ ಪಕ್ಕದಲ್ಲಿ ಬರಲಿ. ಆರ್ಡರ್ ಸಿಕ್ಕಿದ್ದನ್ನು ಆದಾಯ ಎನ್ನಬೇಡಿ. ನಿಮ್ಮ ವೇದಿಕೆಯಲ್ಲಿ ನಡೆದ ಒಟ್ಟು ವಹಿವಾಟು ಬೇರೆ, ಅದರಲ್ಲಿ ನಿಮಗೆ ಸಿಕ್ಕ ಕಮಿಷನ್ ಬೇರೆ. ‘ಇಲ್ಲಿಯವರೆಗೆ ಒಟ್ಟು ನೋಂದಾಯಿಸಿದವರು’ ಎಂಬ ಗೆರೆಯಂತೂ ಯಾವತ್ತೂ ಕೆಳಗಿಳಿಯುವುದಿಲ್ಲ. ಕಂಪನಿ ಮುಳುಗುತ್ತಿದ್ದರೂ ಅದು ಇಳಿಯದು.

ಕೆಟ್ಟ ಸುದ್ದಿಯನ್ನು ಅಡಗಿಸಬೇಡಿ

ದೊಡ್ಡ ಗ್ರಾಹಕರು ಕೈಬಿಟ್ಟರೆ ಅದನ್ನು ಒಂಬತ್ತನೇ ಪ್ಯಾರಾದಲ್ಲಿ ತುರುಕಬೇಡಿ. ಏನಾಯಿತು, ಯಾಕಾಯಿತು, ಈಗ ಏನು ಮಾಡುತ್ತಿದ್ದೀರಿ: ಮೂರು ಸಾಲಿನಲ್ಲಿ ಮೇಲೇ ಹೇಳಿ. ಕಾರಣ ಇನ್ನೂ ತಿಳಿದಿಲ್ಲದಿದ್ದರೆ ಹಾಗೇ ಬರೆಯಿರಿ. ಎರಡು ತಿಂಗಳ ರನ್‌ವೇ ಉಳಿದಾಗ ಬಾಯಿಬಿಟ್ಟರೆ ಯಾರೂ ಏನೂ ಮಾಡಲಾಗುವುದಿಲ್ಲ. ಹತ್ತು ತಿಂಗಳು ಇರುವಾಗ ಹೇಳಿದರೆ ದಾರಿ ಹುಡುಕಲು ಸಮಯ ಇರುತ್ತದೆ. ತೀರಾ ದೊಡ್ಡ ಆಘಾತವಾದರೆ ಇಮೇಲ್‌ಗೆ ಕಾಯಬೇಡಿ. ಮುಖ್ಯ ಹೂಡಿಕೆದಾರರಿಗೆ ಮೊದಲು ಫೋನ್ ಮಾಡಿ.

ಹಿಂದಿನ ತಿಂಗಳು ಮಾಡುತ್ತೇವೆ ಎಂದದ್ದು ಆಯಿತೇ ಎಂಬುದನ್ನೂ ಬರೆಯಿರಿ. ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ 1997ರ ಸಾಲಿಗಾಗಿ ಷೇರುದಾರರಿಗೆ ಬರೆದ ಮೊದಲ ಪತ್ರವನ್ನು ಮುಂದೆ ಪ್ರತಿ ವರ್ಷದ ಪತ್ರಕ್ಕೂ ಲಗತ್ತಿಸುತ್ತಿದ್ದರು. ನೀವು ಅಷ್ಟು ಮಾಡಬೇಕಿಲ್ಲ. ಹಳೇ ಮಾತು, ಅದರ ಎದುರು ‘ಆಯಿತು’ ಅಥವಾ ‘ಆಗಲಿಲ್ಲ’ ಎಂದಿದ್ದರೆ ಸಾಕು.

ಕೇಳುವುದನ್ನು ಬಿಡಿಸಿ ಕೇಳಿ

‘ನಿಮ್ಮ ಸಹಕಾರ ಇರಲಿ’ ಎಂದು ಬರೆದರೆ ಯಾರೂ ಕದಲುವುದಿಲ್ಲ. ‘ಆಸ್ಪತ್ರೆಗಳ ಖರೀದಿ ವಿಭಾಗದ ಮುಖ್ಯಸ್ಥರು ಯಾರಾದರೂ ನಿಮಗೆ ಪರಿಚಯವೇ?’ ಎಂದು ಕೇಳಿ. ಕೆಳಗೆ ನಿಮ್ಮ ಕಂಪನಿಯ ಪರಿಚಯ ನಾಲ್ಕು ಸಾಲಿನಲ್ಲಿ ಇರಲಿ. ಓದಿದವರು ಅದನ್ನು ಹಾಗೇ ಫಾರ್ವರ್ಡ್ ಮಾಡುತ್ತಾರೆ. ಒಂದು ಪತ್ರದಲ್ಲಿ ಎರಡು ಮೂರಕ್ಕಿಂತ ಜಾಸ್ತಿ ಕೇಳಬೇಡಿ. ಹಿಂದಿನ ಸಲ ನೆರವಾದವರಿಗೆ ಹೆಸರು ಹೇಳಿ ಥ್ಯಾಂಕ್ಸ್ ಹೇಳಿ. ಉಳಿದವರೂ ಓದುತ್ತಿರುತ್ತಾರಲ್ವಾ.

ಕಳಿಸುವ ಮುನ್ನ

ಬಣ್ಣದ ಸ್ಲೈಡ್ ಸುಮ್ನೆ ಕೆಲಸ ಹೆಚ್ಚಿಸುತ್ತದೆ. ಸಾದಾ ಇಮೇಲ್ ಸಾಕು. ಎಲ್ಲರ ವಿಳಾಸವನ್ನು ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ಹಾಕಿ. ಈ ಪತ್ರ ಬೇರೆಯವರ ಕೈಗೂ ಹೋಗಬಹುದು ಎಂದೇ ಬರೆಯಿರಿ: ಯಾರದೋ ಸಂಬಳ, ಗುಟ್ಟಾಗಿಡುತ್ತೇವೆಂದು ಒಪ್ಪಿದ ಗ್ರಾಹಕರ ಹೆಸರು, ನಿಮ್ಮ ತಂಡಕ್ಕೇ ಇನ್ನೂ ಹೇಳದ ಸುದ್ದಿ ಬೇಡ. ಹೂಡಿಕೆ ಒಪ್ಪಂದದಲ್ಲಿ ಲೆಕ್ಕಪತ್ರ ಕೊಡುವ ಷರತ್ತು ಇದ್ದರೆ ಅದು ಬೇರೆ ಜವಾಬ್ದಾರಿ. ಈ ಇಮೇಲ್ ಅದಕ್ಕೆ ಬದಲಿ ಅಲ್ಲ.

ಉತ್ತರ ಬರಲಿಲ್ಲವೆಂದು ನಿಲ್ಲಿಸಬೇಡಿ. ಓದಿ ಸುಮ್ಮನಾಗುವವರೇ ಜಾಸ್ತಿ. ಈಗಾಗಲೇ ನಾಲ್ಕೈದು ತಿಂಗಳು ತಪ್ಪಿದ್ದರೆ ಉದ್ದದ ಕ್ಷಮಾಪಣೆ ಬೇಕಿಲ್ಲ. ‘ಕೆಲವು ತಿಂಗಳು ಬರೆಯಲಿಲ್ಲ, ಇನ್ನು ಪ್ರತಿ 10ನೇ ತಾರೀಖು ಬರೆಯುತ್ತೇನೆ’ ಎಂದು ಒಂದು ಸಾಲು ಹಾಕಿ, ನೇರವಾಗಿ ಈ ತಿಂಗಳ ಅಂಕಿಗಳಿಗೆ ಬನ್ನಿ.